ನಾನು ಬಚ್ಚಿಟ್ಟ ಹದಿನೆಂಟು ಕೆಜಿ

ಅಣ್ಣ ವಿಮಾನ ಬಾಡಿಗೆಗೆ ಹಿಡಿಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಿರಣಿ ನಡೆಸುವ ಅವನು ಹಬ್ಬಕ್ಕೂ ಹೊಸ ಅಂಗಿ ಹೊಲಿಸುವವನಲ್ಲ. ಆದರೆ ಅವ್ವನಿಗೆ ಕಾಶಿ ನೋಡುವ ಆಸೆ ಬಹಳ ವರ್ಷಗಳದ್ದು, ಮಂಡಿಗಳು ಮಾತ್ರ ಪೂರ್ತಿ ಸೋತಿದ್ದವು. ಬೆಂಗಳೂರಿನವರೆಗೆ ಕಾರಿನಲ್ಲಿ ಕೂತು, ಅಲ್ಲಿನ ದೊಡ್ಡ ನಿಲ್ದಾಣದ ಸಾಲುಗಳಲ್ಲಿ ಕಾಯುವುದು ಅವಳಿಂದ ಆಗದ ಮಾತು.

"ಬಳ್ಳಾರಿಗೇ ಬರ್ತೈತಂತೆ ಕಣೆ. ರೆಕ್ಕೆಗೊಂದೊಂದು ಫ್ಯಾನ್ ಇರೋ ಸಣ್ಣ ವಿಮಾನ. ಇವತ್ತು ಹೋಗಿ ನಾಳೆ ಸಂಜೆಗೆ ವಾಪಸ್," ಎಂದು ಅಣ್ಣ ನನಗೆ ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿ ನಾನೆಂದೂ ಕೇಳದ ಹುರುಪಿತ್ತು.

ಹೊರಡುವವರು ಆರು ಜನ. ಅವ್ವ, ಅಣ್ಣ, ಅತ್ತಿಗೆ, ಅತ್ತಿಗೆಯ ಅಪ್ಪ ಅಮ್ಮ, ಜೊತೆಗೆ ನಾನು. ನಾನು ಮೊಳಕಾಲ್ಮುರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅವ್ವನನ್ನು ಎಬ್ಬಿಸಿ ಕೂರಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಬೇರೆ ಯಾರು ಮಾಡಿದರೂ ಅವಳಿಗೆ ಸಂಕೋಚ. ಹಾಗಾಗಿ ನಾನು ಹೋಗಲೇಬೇಕಿತ್ತು.

ಒಂದು ಭಾನುವಾರ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಏಜೆಂಟ್ ಕಳಿಸಿದ ಫಾರಂ ಹಿಡಿದು ಅಣ್ಣ ಒಬ್ಬೊಬ್ಬರ ಹೆಸರು, ವಯಸ್ಸು, ತೂಕ ಕೇಳಿ ಬರೆದುಕೊಳ್ಳುತ್ತಿದ್ದ. ಅವ್ವ ನಲವತ್ತೊಂಬತ್ತು. ಅತ್ತಿಗೆ ಐವತ್ತೆಂಟು ಎಂದರು. ಅವರ ಅಪ್ಪ ಸೋಫಾದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ನೀನೆಷ್ಟವ್ವ?" ಎಂದು ಅಣ್ಣ ನನ್ನನ್ನು ಕೇಳಿದ.

"ಎಪ್ಪತ್ನಾಕು," ಎಂದೆ.

ನಾನಿದ್ದದ್ದು ತೊಂಬತ್ತೆರಡು. ಹಿಂದಿನ ವಾರವಷ್ಟೇ ಡಾಕ್ಟರ ಹತ್ತಿರ ನೋಡಿಸಿದ್ದೆ. ಆದರೂ ಬೀಗರ ಎದುರಿಗೆ ಆ ಅಂಕಿ ನನ್ನ ಬಾಯಿಂದ ಹೊರಡಲಿಲ್ಲ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಕೂತಾಗ ಪಕ್ಕದವರು ಸರಿದು ಕೂರುವ ರೀತಿ, ಮದುವೆ ಮನೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಕೊಡುವಾಗ ಜನ ಒಂದು ಕ್ಷಣ ಯೋಚಿಸುವುದು ನನಗೆ ಹೊಸದಲ್ಲ. ಅಣ್ಣ ತಲೆಯೆತ್ತದೆ ಎಪ್ಪತ್ನಾಲ್ಕು ಎಂದು ಬರೆದುಕೊಂಡ.

ಆಮೇಲೆ ಎಂಟು ದಿನ ಸಮಯವಿತ್ತು. ಅಣ್ಣನಿಗೊಬ್ಬನಿಗೇ ಹೇಳಿಬಿಡಬೇಕೆಂದು ಮೊಬೈಲಿನಲ್ಲಿ ಎಷ್ಟೋ ಸಲ ಬರೆದೆ, ಅಳಿಸಿದೆ. ಇಷ್ಟು ದೊಡ್ಡ ಯಂತ್ರಕ್ಕೆ ನನ್ನ ಹದಿನೆಂಟು ಕೆಜಿ ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ.

ಹೊರಡುವ ದಿನ ದಾರಿಯಲ್ಲಿನ ರಾಂಪುರದಲ್ಲಿ ಕಾಯುತ್ತಿದ್ದ ನನ್ನನ್ನು ಉಳಿದವರು ಕಾರಿಗೆ ಹತ್ತಿಸಿಕೊಂಡು ಬಳ್ಳಾರಿಗೆ ಹೋದರು. ವಿಮಾನ ಬರುವುದು ತಡವಾಯಿತು. ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೆಳ್ಳಗಿನ ಪುಟ್ಟ ವಿಮಾನವನ್ನು ಕಂಡು ಅವ್ವ ಗಾಲಿಕುರ್ಚಿಯಲ್ಲೇ ಕೈಮುಗಿದಳು. ಅಣ್ಣ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ.

ಪೈಲಟ್ ನಮ್ಮ ಕಡೆಯ ಹೆಣ್ಣುಮಗಳೇ, ಕನ್ನಡ ಮಾತಾಡುತ್ತಿದ್ದಳು. ಅವಳು ನಮ್ಮ ಸಾಮಾನು ನೋಡಿದಳು, ನಮ್ಮನ್ನೂ ನೋಡಿದಳು. "ಬಿಸಿಲು ಜಾಸ್ತಿ ಇದ್ರೆ ವಿಮಾನ ಎತ್ತೋ ಭಾರ ಕಮ್ಮಿ ಆಗುತ್ತೆ. ತಪ್ಪು ತಿಳ್ಕೋಬೇಡಿ, ಎಲ್ಲರನ್ನೂ ಒಂದ್ಸಲ ತೂಗಿಬಿಡ್ತೀವಿ," ಎಂದಳು.

ನನ್ನ ಸರದಿ ಬಂದಾಗ ತೂಕದ ಯಂತ್ರ ಹತ್ತಿ ಕಣ್ಣು ಮುಚ್ಚಿಕೊಂಡೆ. ಅವಳು ಗಟ್ಟಿಯಾಗಿ ಓದಲಿಲ್ಲ, ಬರೆದುಕೊಂಡಳಷ್ಟೇ. ಆ ಪುಣ್ಯಾತ್ಮಳಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಮೊದಲು ರೊಟ್ಟಿ ಗಂಟು, ನೀರಿನ ಕ್ಯಾನು, ಅತ್ತಿಗೆಯ ಸೂಟ್‌ಕೇಸು ಕೆಳಗಿಳಿದವು. ಆಮೇಲೆ ಪೈಲಟ್ ಅಣ್ಣನನ್ನು ಪಕ್ಕಕ್ಕೆ ಕರೆದಳು. ಹತ್ತಿರವೇ ನಿಂತಿದ್ದ ನನಗೆ ಎಲ್ಲ ಕೇಳಿಸಿತು.

"ಇನ್ನೂ ಹದಿನಾರು ಕೆಜಿ ಜಾಸ್ತಿ ಇದೆ ಸರ್. ಇಂಧನ ಕಮ್ಮಿ ಮಾಡೋಣ ಅಂದ್ರೆ, ಮತ್ತೆ ತುಂಬಿಸ್ಕೊಳ್ಳೋ ನಾಗಪುರದ ತನಕ ಸಾಲಲ್ಲ. ಮೊದಲೇ ಗೊತ್ತಿದ್ರೆ ದೊಡ್ಡ ವಿಮಾನ ಕಳಿಸ್ತಿದ್ರು. ಒಬ್ಬರು ಉಳೀಬೇಕಾಗುತ್ತೆ."

"ನಾಳೆ ಬೆಳಿಗ್ಗೆ ತಂಪಲ್ಲಿ ಹೊರಡೋಕಾಗಲ್ವಾ?"

"ನಾಳೆ ಹೊರಟ್ರೆ ವಾಪಸ್ ಬರೋದು ನಾಡಿದ್ದಾಗುತ್ತೆ. ನಾಡಿದ್ದು ಇದು ಬೇರೆಯವರಿಗೆ ಬುಕ್ ಆಗಿದೆ ಸರ್."

ಅಣ್ಣ ಅವಳ ಕೈಲಿದ್ದ ಹಾಳೆ ನೋಡಿದ. ಅವನೂ ತನ್ನದನ್ನು ಎರಡು ಮೂರು ಕೆಜಿ ಕಮ್ಮಿ ಬರೆದುಕೊಂಡಿದ್ದ, ಅತ್ತಿಗೆಯೂ ಅಷ್ಟೇ ಕಮ್ಮಿ ಹೇಳಿದ್ದರು. ನನ್ನ ಹೆಸರಿನ ಮುಂದೆ ಅವನ ಕಣ್ಣು ನಿಂತಿತು. ಆಮೇಲೆ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನು ಉಳೀತೀನಿ ಅಣ್ಣ," ಎಂದೆ.

"ಅವ್ವನ್ನ ಯಾರು ನೋಡ್ಕೊಂತಾರೆ? ಸುಮ್ನಿರು."

ಬೀಗರನ್ನು ಇಳಿಸುವಂತಿರಲಿಲ್ಲ. ತಾನು ಉಳಿಯುತ್ತೇನೆ ಎಂದ ಅತ್ತಿಗೆಗೆ, ಅಪ್ಪ ಅಮ್ಮನ ಜೊತೆ ನೀನಿರಬೇಕು ಎಂದ. ಆಮೇಲೆ ಅವ್ವನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅವ್ವ, ನಾನು ಬಾಳ ಭಾರ ಅದೀನಂತೆ. ನನ್ನ ಹತ್ತಿಸ್ಕೊಂಡ್ರೆ ವಿಮಾನ ಏಳಲ್ವಂತೆ. ನೀವು ಹೋಗ್ಬನ್ನಿ."

"ನೀನಿಲ್ದೆ ಯಾವ ಕಾಶಿನಪ್ಪಾ?" ಎಂದು ಅವ್ವ ಅವನ ಕೈ ಹಿಡಿದುಕೊಂಡಳು. ನಾನು ಬಾಯಿ ತೆರೆದೆ. ಅಣ್ಣ ತಲೆ ಅಲ್ಲಾಡಿಸಿ ನನ್ನನ್ನು ತಡೆದ. ತಡೆಯದಿದ್ದರೆ ಹೇಳುತ್ತಿದ್ದೆನೇ? ಆಣೆ ಮಾಡಿ ಹೇಳಲಾರೆ.

ಅವನೇ ಅವ್ವನನ್ನು ಎತ್ತಿ ಮೆಟ್ಟಿಲು ಹತ್ತಿಸಿ, ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಇಳಿದುಹೋದ. ವಿಮಾನ ಓಡತೊಡಗಿದಾಗ ಕಿಟಕಿಯಿಂದ ನೋಡಿದೆ. ಕೆಳಗಿಳಿಸಿದ ಸಾಮಾನಿನ ಪಕ್ಕ ನಿಂತು, ಒಂದು ಕೈಯಲ್ಲಿ ರೊಟ್ಟಿ ಗಂಟು ಹಿಡಿದು ಇನ್ನೊಂದು ಕೈ ಬೀಸುತ್ತಿದ್ದ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತೆ. ಇಳಿಸಿ ಎಂದು ಕೂಗಲು ಅದು ಬಸ್ಸಲ್ಲವಲ್ಲ.

ಕಾಶಿಯಲ್ಲಿ ದೋಣಿಯವರು ಅವ್ವನನ್ನು ಕುರ್ಚಿ ಸಮೇತ ಎತ್ತಿ ಕೂರಿಸಿಕೊಂಡರು. ಗಂಗೆಯಲ್ಲಿ ಕೈ ಅದ್ದಿ ಅವಳು ಅತ್ತಳು. ವಿಡಿಯೋ ಕಾಲ್ ಮಾಡಿದಾಗ ಅಣ್ಣ ಗಿರಣಿಯಲ್ಲಿದ್ದ. "ಇನ್ನೊಂಚೂರು ಈ ಕಡೆ ತಿರುಗ್ಸು, ನೀರು ಕಾಣ್ವಲ್ದು," ಎಂದ. ಯಂತ್ರದ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಅಣ್ಣ ಆ ಮಾತೆತ್ತಿಲ್ಲ. ಕ್ಷಮೆ ಕೇಳಬೇಕೆಂದು ಎರಡು ಸಲ ಗಿರಣಿಯವರೆಗೆ ಹೋಗಿದ್ದೆ. ಎರಡು ಸಲವೂ ಅವನು ಚಹಾ ತರಿಸಿದ, ಸ್ಕೂಲಿನ ವಿಷಯ ಕೇಳಿದ, ನಾನು ಕುಡಿದು ಬಸ್ಸು ಹತ್ತಿದೆ.

ಅವ್ವ ಮನೆಗೆ ಬಂದವರಿಗೆಲ್ಲ ಕಾಶಿಯ ಕಥೆ ಹೇಳುತ್ತಾಳೆ. "ನನ್ ಮಗ ಉಂಡು ಉಂಡು ದಪ್ಪಾಗ್ಯಾನೆ, ವಿಮಾನದೋರು ಇಳಿಸೇಬಿಟ್ರು," ಎಂದು ನಗುತ್ತಾಳೆ. ಬಂದವರೂ ನಗುತ್ತಾರೆ. ಅಣ್ಣ ಅಲ್ಲೇ ಇದ್ದರೆ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, "ಹೂಂ ಕಣವ್ವ, ಏನ್ ಮಾಡಾದು," ಎನ್ನುತ್ತಾನೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.