ಅತ್ತಿ ತಿಮಿಂಗಿಲ ನೋಡಲಿಲ್ಲ

ನಮ್ಮ ಅತ್ತಿಯ ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕಿಗಳಿದ್ದವು. ಸುಮ್ಮನಿದ್ದಾಗ ಮೂರೂ ಒಂದೇ ಸಾಲಿನಲ್ಲಿ ಕೂತಿರುತ್ತಿದ್ದವು. ಸಿಟ್ಟು ಬಂದು ಕೆಳದುಟಿ ಮುಂದೆ ಬಂತೋ, ನಡುವಿನ ಚುಕ್ಕಿ ಮೇಲೇರಿ ಡೇರೆ ಹೊಡೆಯುತ್ತಿತ್ತು. ಡೇರೆ ಎದ್ದದ್ದು ಕಂಡರೆ ಸುರಪುರದ ನಮ್ಮ ಓಣಿಯಲ್ಲಿ ನಾಯಿ ಕೂಡ ದಾರಿ ಬದಲಿಸುತ್ತಿತ್ತು. ನಾನು ಬಾಲ್‌ಪೆನ್ನಿನಿಂದ ಗದ್ದಕ್ಕೆ ಚುಕ್ಕಿ ಇಟ್ಟುಕೊಂಡು ಅವಳ ನಕಲು ಮಾಡುತ್ತಿದ್ದೆ. ಓಣಿಯೆಲ್ಲ ನಗುತ್ತಿತ್ತು. ಅವಳು ಮಾತ್ರ ನಗುತ್ತಿರಲಿಲ್ಲ. "ನನ್ನ ಸಿಟ್ಟು ನಿನ್ನ ಬಾಯಾಗ ಹಾಕ್ಕೋಬ್ಯಾಡಲೇ ಕೋತಿ, ಹಲ್ಲು ಮುರೀತಾವ" ಅನ್ನುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ಗಂಡ ಬೇಗ ತೀರಿಕೊಂಡಿದ್ದ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ಉಪ್ಪಿಟ್ಟು ಬಡಿಸಿ ಬದುಕು ಕಳೆದವಳು. ಊರ ನಡುವಿನ ಓಣಿಯ ತಾಯಂದಿರು ಕೆಲವರು ತಮ್ಮ ಕೂಸಿನ ಕೈಗೆ ಬುತ್ತಿಯ ಜೊತೆ ನೀರಿನ ಬಾಟಲಿಯನ್ನೂ ಕೊಟ್ಟು ಕಳಿಸುತ್ತಿದ್ದರು. ಅತ್ತಿ ಆ ಕೂಸುಗಳ ಮುಂದೆಯೂ ದಿನಾ ತಾಟು ಇಡುತ್ತಿದ್ದಳು. ಮುಟ್ಟಲಿ, ಬಿಡಲಿ. "ಹಸದ ಕೂಸು ಜಾತಿ ಕೇಳಂಗಿಲ್ಲ. ಅವರವ್ವ ಕಲಿಸ್ತಾಳ." ಅಷ್ಟು ಹೇಳಿ, ತಣ್ಣಗಾದ ತಾಟನ್ನು ಟಪ್ಪನೆ ಎತ್ತುತ್ತಿದ್ದಳು. ಆ ಟಪ್ ಸದ್ದಿನ ನಕಲು ನನಗೆ ಇವತ್ತಿಗೂ ಬಂದಿಲ್ಲ.

ನಮ್ಮ ಬುದ್ಧವಿಹಾರಕ್ಕೆ ಜಪಾನಿನಿಂದ ಬೌದ್ಧ ಭಿಕ್ಷು, ಭಂತೇಜಿ ಒಬ್ಬರು ಬಂದುಹೋಗುತ್ತಿದ್ದರು. ಒಂದು ವರ್ಷ ಅವರೇ ನಮ್ಮಲ್ಲಿ ಕೆಲವರನ್ನು ತಮ್ಮ ದೇಶದ ವಿಹಾರಗಳನ್ನು ತೋರಿಸಲು ಕರೆದೊಯ್ದರು. ಅತ್ತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಳು. ಇಂಗ್ಲಿಷ್ ಬಲ್ಲವನೆಂದು ನನ್ನನ್ನು ಕಟ್ಟಿಕೊಂಡರು. ನನ್ನ ಇಂಗ್ಲಿಷೋ, ಯಾದಗಿರಿ ಬಸ್‌ಸ್ಟ್ಯಾಂಡಿನ ತನಕ ಹೋಗಿ ಸೀಟು ಸಿಗದೆ ವಾಪಸ್ ಬರುವಂಥದ್ದು.

ಜಪಾನಿನಿಂದ ವಾಪಸ್ ಹೊರಡುವ ಮುಂಚಿನ ದಿನ ಸಮುದ್ರದಂಡೆಯ ಒಂದು ಸಣ್ಣ ಊರಿಗೆ ಹೋದೆವು. ಅಲ್ಲಿ ತಿಮಿಂಗಿಲಗಳದೇ ಒಂದು ಮ್ಯೂಸಿಯಂ. ಒಳಗೆ ಕಾಲಿಟ್ಟರೆ ತಲೆಯ ಮೇಲೆ ಇಡೀ ತಿಮಿಂಗಿಲದ ಎಲುಬಿನ ಗೂಡು ತೂಗಾಡುತ್ತಿದೆ. ಒಂದೊಂದು ಪಕ್ಕೆಲುಬೂ ನಮ್ಮೂರ ಎತ್ತಿನಬಂಡಿಯ ಮೂಕಿಗಿಂತ ಉದ್ದ. ಕೃಷ್ಣಾ ಹೊಳೆಯಲ್ಲಿ ಮೊಳದುದ್ದದ ಮೀನು ಸಿಕ್ಕರೆ ಊರಿಗೆಲ್ಲ ತೋರಿಸಿ ಬರುವ ಮಂದಿ ನಾವು. ಎಲ್ಲರೂ ಬಾಯಿ ತೆರೆದು ಮೊಬೈಲ್ ಮೇಲೆತ್ತಿದೆವು. ನಾನಂತೂ ತಿಮಿಂಗಿಲಕ್ಕಿಂತ ದೊಡ್ಡದಾಗಿ ಬಾಯಿ ಕಳೆದು ಫೋಟೋ ಹೊಡೆಸಿಕೊಂಡೆ.

ಅತ್ತಿ ಮೇಲೆ ನೋಡಲೇ ಇಲ್ಲ. ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು.

"ಏ ಕೋತಿ, ಇಲ್ಲಿ ಬಾ. ಇವು ಏನವ?"

"ಚೂರಿ ಅತ್ತಿ. ತಿಮಿಂಗಿಲ ಕೊಯ್ಯೂವು."

"ಚೂರಿ ಅನ್ನೂದು ನಂಗೂ ಕಾಣತದ. ಗಾಜಿನ್ಯಾಗ ಯಾಕ ಇಟ್ಟಾರ, ಕೇಳು."

ಮ್ಯೂಸಿಯಂ ತೋರಿಸುತ್ತಿದ್ದವರು ಒಬ್ಬ ಮುದುಕರು. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ಹುಡುಗಿ ಇದ್ದಳು. ನಾನು ಅವಳಿಗೆ ಕೇಳಿದೆ, ಅವಳು ಅವರಿಗೆ ಕೇಳಿದಳು. ಮುದುಕರು ಎದೆ ಮುಟ್ಟಿಕೊಂಡು, ಗೋಡೆಯ ಮೇಲಿನ ಫೋಟೋ ತೋರಿಸಿದರು. ತಿಮಿಂಗಿಲದ ಬೆನ್ನ ಮೇಲೆ ಚೂರಿ ಹಿಡಿದು ನಗುತ್ತ ನಿಂತವನು ಅವರಪ್ಪ. ಇದು ನಮ್ಮ ಹಿರಿಯರ ಕಸುಬು, ಗೌರವಕ್ಕೆ ಇಟ್ಟಿದ್ದೇವೆ, ಸತ್ತ ತಿಮಿಂಗಿಲಗಳಿಗೂ ನಮ್ಮ ಗುಡಿಯಲ್ಲಿ ಪ್ರಾರ್ಥನೆ ಮಾಡುತ್ತೇವೆ ಅಂದರು.

ಅತ್ತಿಯ ಗದ್ದದ ಮೇಲೆ ಡೇರೆ ಎದ್ದಿತು.

"ಕೇಳು, ಇವರಪ್ಪಗ ಊರ ಬಾವ್ಯಾಗ ನೀರು ಸೇದಾಕ ಬಿಡ್ತಿದ್ರಾ?"

ಹುಡುಗಿ ತಾನು ತಪ್ಪು ಕೇಳಿಸಿಕೊಂಡೆನೆಂದು ಮತ್ತೆ ಕೇಳಿದಳು. ನಾನು ಮತ್ತೆ ಹೇಳಿದೆ. ಮುದುಕರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರಪ್ಪ ಬೀದಿಯಲ್ಲಿ ಬಂದರೆ ಜನ ಬಾಗಿ ನಮಸ್ಕರಿಸುತ್ತಿದ್ದರಂತೆ.

"ನಮ್ಮಪ್ಪಂದು ಹೇಳು ಇವರಿಗೆ" ಅಂದಳು ಅತ್ತಿ.

ಹೇಳಿದೆ. ಅತ್ತಿಯ ಅಪ್ಪ, ನಮ್ಮ ಮುತ್ಯಾ, ಊರಲ್ಲಿ ಸತ್ತ ದನ ಎತ್ತುತ್ತಿದ್ದ, ಸುಲಿಯುತ್ತಿದ್ದ. ಆ ಚರ್ಮದ ಕೆರವು ಮೆಟ್ಟಿ ಊರು ನಡೆಯಿತು, ಆ ಚರ್ಮದ ಚೀಲದಲ್ಲೇ ಬಾವಿಯಿಂದ ತೋಟಕ್ಕೆ ನೀರೆತ್ತಿತು. ಅದೇ ಬಾವಿಯ ಕಟ್ಟೆ ಏರಲು ಮಾತ್ರ ಮುತ್ಯಾನಿಗೆ ಬಿಡಲಿಲ್ಲ. ಯಾರಾದರೂ ಬಂದು ಮೇಲಿನಿಂದ ನೀರು ಸುರಿಯಲಿ ಎಂದು ಅವನು ಕೊಡ ಇಟ್ಟುಕೊಂಡು ದೂರ ಕೂತಿರುತ್ತಿದ್ದ. ನನ್ನ ಬಡ ಇಂಗ್ಲಿಷಿನಲ್ಲಿ ಇದೆಲ್ಲ ಹೇಳುವಾಗ ನಾಚಿಕೆಯಾಗಲಿಲ್ಲ, ಮೈ ಉರಿಯಿತು.

ಮುದುಕರು ಗಾಜಿನೊಳಗಿನ ಚೂರಿಗಳ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ದನ ಸುಲಿಯುವವರನ್ನು ನಮ್ಮ ದೇಶದಲ್ಲೂ ದೂರ ಇಟ್ಟಿದ್ದರು, ಅವರ ಚೂರಿ ಇಲ್ಲಿಲ್ಲ, ಎಂದು ಹುಡುಗಿ ತಲೆ ತಗ್ಗಿಸಿ ತಿರುಗಿಸಿದಳು.

"ಸಮುದ್ರದ್ದು ಕೊಯ್ದಂವ ದೊಡ್ಡ ಮನಷ್ಯಾ, ನೆಲದ್ದು ಕೊಯ್ದಂವ ಊರ ಹೊರಗ!" ಅತ್ತಿಯ ದನಿಗೆ ಆಚೆ ಕಡೆಯ ಶಾಲೆ ಮಕ್ಕಳ ಸಾಲು ನಿಂತುಬಿಟ್ಟಿತು. "ಶಾಣ್ಯಾರು ಎಲ್ಲಾ ದೇಶದಾಗೂ ಒಂದೇ ನಮೂನಿ ಇರ್ತಾರಲ್ಲೋ!"

ಮುದುಕರು ಅವಳಿಗೆ ಸೊಂಟದ ತನಕ ಬಾಗಿದರು.

"ಬಾಗಿದ್ದು ಸಾಕು. ದನ ಸುಲಿಯೂವರದೂ ಒಂದು ಚೂರಿ ತಂದು ಇಲ್ಲಿ ಇಡಂತ ಹೇಳು."

ಅದನ್ನೂ ಹೇಳಿದೆ. ಏನೂ ಮೆತ್ತಗೆ ಮಾಡಲಿಲ್ಲ.

ಸುರಪುರಕ್ಕೆ ಬಂದ ಮರುದಿನವೇ ಮುಂಜಾನೆ ಅತ್ತಿ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತಳು. ಅಪ್ಪ ಕಾರಕೂನ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ಮುತ್ಯಾನ ಚೂರಿ ಅಟ್ಟದ ಮೇಲೆ ಸಿಮೆಂಟ್ ಚೀಲದೊಳಗೆ ಇರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ಅಪ್ಪನ ಚೂರಿ ಕೊಡು. ನಮ್ಮ ಪಡಸಾಲ್ಯಾಗ ಹಾಕ್ತೀನಿ, ಬಂದವರಿಗೆ ಕಾಣೂಹಂಗ."

"ಅಕ್ಕಾ, ಒಳಗರ ಬಾ. ಬಾಜೂದವರು ಕೇಳತಾರ."

"ಕೇಳಲಿ."

"ಆ ಕೆಲಸ ಬಿಟ್ಟು ಎಷ್ಟು ವರ್ಷ ಆತು! ಮಂದಿ ಮರತಾರ. ನಾವ ಯಾಕ ನೆನಪು ಮಾಡಿಕೊಡಬೇಕು?"

"ಮಂದಿ ಏನೂ ಮರತಿಲ್ಲ. ಮರತಂವ ನೀ ಒಬ್ಬನ."

ಅಪ್ಪ ನೌಕರಿಗೆ ಹೋಗಬೇಕು, ಅವಳು ಹೊಸ್ತಿಲು ಬಿಡಳು. ದಾಟಿ ಹೋಗುವ ಧೈರ್ಯ ಅವನಿಗಿಲ್ಲ. ಅಪ್ಪನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೆ ಅಪ್ಪನನ್ನು ಬಯ್ಯುವುದು ಸಸ್ತಾ. ಅವನ ಜೊತೆ ನೌಕರಿ ಮಾಡುತ್ತ, ಅವನ ಚಹಾಕ್ಕೆ ಮಾತ್ರ ಕಾಗದದ ಕಪ್ಪು ತರಿಸುವ ಮಂದಿಯನ್ನು ಏನಂತ ಬಯ್ಯುವುದು? ಅವರು ನಗುನಗುತ್ತಲೇ ತರಿಸುತ್ತಾರೆ. ಕೊನೆಗೆ ಅಪ್ಪ ಅಟ್ಟ ಹತ್ತಿದ. ಚೀಲ ಬಿಚ್ಚಿ ಚೂರಿಯನ್ನು ಅತ್ತಿಯ ಮುಂದೆ ಇಟ್ಟ. ಮುತ್ಯಾನ ಬೆರಳು ಕೂತಲ್ಲೆಲ್ಲ ಕಟ್ಟಿಗೆಯ ಹಿಡಿಕೆ ಸವೆದಿತ್ತು.

ಅಂದಿನಿಂದ ಚೂರಿ ಅತ್ತಿಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ. ಸಿಲಿಂಡರಿನವ ಬರಲಿ, ಓಣಿಗೆ ಕನ್ಯೆ ನೋಡಲು ಬಂದ ಬೀಗರಿರಲಿ, ಅತ್ತಿಯದು ಒಂದೇ ಮಾತು: "ನಮ್ಮಪ್ಪಂದು. ದನ ಸುಲೀತಿದ್ದ. ಚಾ ಕುಡೀತೀರಿ?" ಕೆಲವರು ಕುಡಿದರು. ಕೆಲವರಿಗೆ ಒಮ್ಮೆಲೇ ಅರ್ಜೆಂಟ್ ಕೆಲಸ ನೆನಪಾಯಿತು. ಹಾಗೆ ನೆನಪಾದವರು ಕಿಸೆ ಮುಟ್ಟಿ, ಗಡಿಯಾರ ನೋಡಿ, ಚಪ್ಪಲಿ ಹುಡುಕುವ ಪರಿಯನ್ನು ನಾನು ಮಾಡಿ ತೋರಿಸಿದೆ. ಅತ್ತಿ ನನ್ನ ನಕಲಿಗೆ ನಕ್ಕದ್ದು ಅದೊಂದಕ್ಕೇ. ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಹೋದ ಬೇಸಿಗೆಯಲ್ಲಿ ಅತ್ತಿ ತೀರಿಕೊಂಡಳು. ಮಣ್ಣು ಮಾಡಲು ಜನ ಸೇರುವ ಮೊದಲೇ ಅಪ್ಪ ಚೂರಿ ಕೆಳಗಿಳಿಸಿದ್ದ. ಕೊಡು ಅಂದೆ. ನನ್ನ ಮುಖ ನೋಡಿ, ಕೊಟ್ಟ.

ನಾನೀಗ ಯಾದಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರ. ಬಾಡಿಗೆ ಖೋಲಿಯ ಗೋಡೆಗೆ ಚೂರಿ ಹಾಕಿದ್ದೆ. ಮನೆ ಮಾಲಕರು ಹಣೆತುಂಬ ವಿಭೂತಿ ಧರಿಸುವ ಸಭ್ಯರು, ನನ್ನನ್ನು 'ಸರ್ರ' ಅಂತಲೇ ಕರೆಯುತ್ತಿದ್ದರು. ಇದೇನ್ರಿ ಎಂದು ಕೇಳಿದರು. ನಮ್ಮ ಮುತ್ಯಾಂದು, ದನ ಸುಲೀತಿದ್ದ, ಚಾ ಕುಡೀತೀರಿ ಅಂದೆ. ಈಗಷ್ಟೇ ಆತ್ರಿ ಅಂದರು. ವಾರ ಕಳೆಯುವುದರೊಳಗೆ ಮತ್ತೆ ಬಂದರು. "ಸರ್ರ, ಬ್ಯಾರೆ ಏನಿಲ್ರಿ. ನಮ್ಮ ತಮ್ಮ ಬರಾಕತ್ತಾನ್ರಿ, ಅಂವಗ ಖೋಲಿ ಬೇಕಾಗ್ಯದ." ಅವರಿಗಿರುವುದು ಒಬ್ಬನೇ ತಮ್ಮ. ಪಕ್ಕದ ಮನೆಯಲ್ಲಿದ್ದಾನೆ. ಸ್ವಂತದ್ದು, ಮೂರಂತಸ್ತು.

ಮಂತ್ರಿಯಿಂದ ಮೇಕೆಯ ತನಕ ಎಲ್ಲರ ದನಿ ತೆಗೆಯಬಲ್ಲೆ ನಾನು. ಈ 'ಬ್ಯಾರೆ ಏನಿಲ್ರಿ' ತೆಗೆಯಲು ಹೋದರೆ ಮಾತ್ರ ಗಂಟಲಲ್ಲಿ ಹುಳಿ ಬರುತ್ತದೆ. ಅತ್ತಿ ಇದ್ದಿದ್ದರೆ ಅವರ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು. ನನಗೆ ಅವಳಷ್ಟು ಗಟ್ಟಿ ಕುಂಡೆ ಇಲ್ಲ. ಆದರೆ ಕೇಳಿದವರಿಗೆ ಖರೆ ಹೇಳುವ ಬಾಯಿ ಅವಳು ಕೊಟ್ಟದ್ದು. ಅದನ್ನು ಅಟ್ಟಕ್ಕೆ ಹಾಕಲಾರೆ.

ನಿನ್ನೆ ಸ್ಟೇಷನ್ ಹಿಂದಿನ ಓಣಿಯಲ್ಲಿ ಬೇರೆ ಖೋಲಿ ಹಿಡಿದೆ. ಸಾಮಾನು ಇನ್ನೂ ಆಟೋದಲ್ಲೇ ಇತ್ತು. ಒಳಗೆ ಹೋದವನೇ ಬಾಗಿಲಿನ ಎದುರು ಗೋಡೆಗೆ ಮೊಳೆ ಹೊಡೆದೆ. ಸದ್ದಿಗೆ ಹೊಸ ಮಾಲಕ ಓಡಿಬಂದ.

"ಏನ್ ಹಾಕಾಕತ್ತೀರಿ ಸರ್ರ, ಕ್ಯಾಲೆಂಡರಾ?"

"ನಿಲ್ರಿ," ಅಂದೆ, "ತೋರಸ್ತೀನಿ."