ಸೊಣ್ಣಪ್ಪನ ಬಾಗಿದ ಪಟ್ಟಿ

ಸಮೇತನಹಳ್ಳಿಯ ಸೊಣ್ಣಪ್ಪ ಎಂಥ ಅನುಮಾನದ ಪ್ರಾಣಿಯೆಂದರೆ, ಹೆಂಡತಿ ಬಡಿಸಿದ ಮುದ್ದೆಯನ್ನೂ ಮುರಿದು ನೋಡಿಯೇ ಉಣ್ಣುತ್ತಿದ್ದ. ಇಂಥವನ ಜೊತೆ ಕೆಲಸ ಮಾಡುವುದು ಶತ್ರುವಿಗೂ ಬೇಡ. ಯುದ್ಧದ ಕಾಲದಲ್ಲಿ ಹೊಸಕೋಟೆಯ ಲಾರಿ ಶೆಡ್ಡಿನಲ್ಲಿ ಉಕ್ಕಿನ ಪ್ಲೇಟುಗಳನ್ನು ಗ್ಯಾಸ್ ಬೆಂಕಿಯಿಂದ ಕತ್ತರಿಸುವುದು ಅವನ ಕೆಲಸ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಂಕಿಯ ಕೊಳವೆ ಗೆರೆ ತಪ್ಪದಂತೆ ಆಸರೆಗೆ ಪಕ್ಕದಲ್ಲಿ ಆಂಗಲ್ ಎಂಬ ಮೂಲೆ ಮಡಚಿದ ಕಬ್ಬಿಣದ ಪಟ್ಟಿ ಇಟ್ಟು, ಉಸಿರು ಬಿಗಿಹಿಡಿದು ನೆಟ್ಟಗೆ ಕತ್ತರಿಸುತ್ತಿದ್ದ. ಆದರೂ ಉದ್ದನೆಯ ಪಟ್ಟಿಗಳು ಆರಿದ ಮೇಲೆ ಬಿಲ್ಲಿನಂತೆ ಬಾಗಿರುತ್ತಿದ್ದವು.

ಜೊತೆಗಾರ ಪಿಳ್ಳಪ್ಪನೇ ಕದ್ದು ಆಂಗಲ್ ಸರಿಸುತ್ತಾನೆಂದು ಸೊಣ್ಣಪ್ಪನಿಗೆ ಗುಮಾನಿ.

“ದೀಪ ಮುಟ್ಟಿ ಆಣೆ ಮಾಡೋ,” ಎಂದು ಉರಿಯುತ್ತಿದ್ದ ಗ್ಯಾಸ್ ಕೊಳವೆಯನ್ನೇ ಅವನ ಮುಂದೆ ಹಿಡಿದ.

“ಇದನ್ನ ಮುಟ್ಟಿದ್ರೆ ಆಣೆ ಇರ್ತದೆ, ಕೈ ಇರಲ್ಲ ಕಣೋ! ಬಿಸಿಯಾದ ಅಂಚು ಆರೋವಾಗ ಕುಗ್ತದೆ, ಅದಕ್ಕೇ ಪಟ್ಟಿ ಬಾಗ್ತದೆ,” ಎಂದ ಪಿಳ್ಳಪ್ಪ.

ಸೊಣ್ಣಪ್ಪ ನಂಬಲಿಲ್ಲ. ಪಿಳ್ಳಪ್ಪ ಮಾವನ ಮನೆಗೆ ಹೋದ ದಿನ, ಯಾರನ್ನೂ ಹತ್ತಿರ ಬಿಡದೆ ಒಬ್ಬನೇ ಕತ್ತರಿಸಿದ. ಪಟ್ಟಿ ಆರಿತು, ಎಂದಿನಂತೆ ಬಾಗಿತು.

ಮರುದಿನ ಪಿಳ್ಳಪ್ಪ ಶೆಡ್ಡಿಗೆ ಕಾಲಿಡುತ್ತಲೇ ಸೊಣ್ಣಪ್ಪ ಆ ಪಟ್ಟಿಯನ್ನು ಅವನ ಮುಂದೆ ಎಸೆದ.

“ನೀನಿಲ್ದಿದ್ರೂ ಬಾಗ್ಬಿಡ್ತು. ನಿಜ ಹೇಳು, ಹೋಗೋಕೆ ಮುಂಚೆ ಇದಕ್ಕೆ ಏನು ಹೇಳ್ಕೊಟ್ಟಿದ್ದೆ?”