ದೇವರಿಗೆ ಎತ್ತಿಟ್ಟ ಬಾಳೆಹಣ್ಣು

ನಮ್ಮೂರಲ್ಲಿ ನಾಲ್ಕನೇ ಕ್ಲಾಸಿಗೆ ಓದು ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಕೊಣನೂರಿಗೆ ನಡೆಯಬೇಕು. ದಿನಸಿ ಅಂಗಡಿ ಇಟ್ಟಿದ್ದ ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದ: "ಬೇಸಿಗೆ ರಜ ಬರೋದ್ರೊಳಗೆ ಭಾಗಾಕಾರ ಬಂದ್ರೆ ಕೊಣನೂರು. ಇಲ್ದಿದ್ರೆ ಮನೇಲಿ ರೊಟ್ಟಿ ತಟ್ಕೊಂಡಿರು."

ವಿಚಿತ್ರವೆಂದರೆ ನನಗೆ ಭಾಗಾಕಾರ ಬರುತ್ತಿತ್ತು. ಬರೀ ಅಂಕಿ ಕೊಟ್ಟರೆ ಪಟಪಟ ಮಾಡುತ್ತಿದ್ದೆ. ಇಪ್ಪತ್ತು ಬಾಳೆಹಣ್ಣನ್ನು ಐದು ಜನಕ್ಕೆ ಹಂಚು ಅಂದರೆ ಮಾತ್ರ ಕೆಡುತ್ತಿತ್ತು. ಮೇಷ್ಟ್ರು ಸ್ಲೇಟಿನ ಈ ಮೂಲೆಯಿಂದ ಆ ಮೂಲೆಗೆ ಗೀಟು ಹೊಡೆದು, ತಲೆಗೊಂದು ಮೊಟಕಿ, "ಇನ್ನೊಂದ್ಸಲ ನೋಡು" ಅನ್ನೋರು. ನೋಡುತ್ತಿದ್ದೆ. ಅದೇ ಉತ್ತರ ಬರುತ್ತಿತ್ತು. ಮತ್ತೆ ಗೀಟು, ಮತ್ತೆ ಮೊಟಕು. ಬುದ್ಧಿ ತಲೆಯೊಳಗೆ ಇಳಿಯುವುದು ಮೊಟಕಿನಿಂದಲೇ ಅಂತ ಆ ಕಾಲದ ಮೇಷ್ಟ್ರುಗಳೆಲ್ಲ ನಂಬಿದ್ದರು. ನನ್ನ ತಲೆಯಲ್ಲಂತೂ ಬೋರೆ ಎದ್ದವೇ ಹೊರತು ಬೇರೇನೂ ಆಗಲಿಲ್ಲ.

ರಜ ಹತ್ತಿರ ಬಂತು. ಒಂದು ದಿನ ಗೀಟು ಬೀಳುವ ಮುಂಚೆಯೇ ನಾನು ಬಿಕ್ಕತೊಡಗಿದೆ. ರೊಟ್ಟಿ ತಟ್ಟುವ ಸಂಗತಿ ಬಾಯಿಬಿಟ್ಟೆ. ಮೇಷ್ಟ್ರಿಗೆ ಏನನ್ನಿಸಿತೋ, ನನ್ನ ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತರು. "ಹೆಂಗ್ ಮಾಡ್ದೆ, ಬಾಯಲ್ಲಿ ಹೇಳು ಮಗಾ."

"ಮೊದ್ಲು ಒಂದು ಹಣ್ಣು ದೇವ್ರಿಗೆ ಎತ್ತಿಟ್ಟೆ ಸಾ. ಹತ್ತೊಂಬತ್ತು ಉಳೀತು. ತಲೆಗೆ ಮೂರು ಕೊಟ್ಟೆ. ನಾಲ್ಕು ಮಿಕ್ತು."

ನಮ್ಮನೆಯಲ್ಲಿ ದೇವರಿಗೆ ತೆಗೆದಿಡದೆ ಹಂಚಿದ್ದನ್ನು ನಾನು ಕಂಡೇ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಿನ್ನ ಭಾಗಾಕಾರ ಸರಿಯಾಗೇ ಅದೆ. ಎತ್ತಿಟ್ಟಿದ್ದೇ ತಪ್ಪು. ಲೆಕ್ಕದಲ್ಲಿ ಕೊಟ್ಟಿದ್ದನ್ನೆಲ್ಲಾ ಹಂಚ್ಬುಡು" ಅಂದರು. ಆಮೇಲೆ ಉಳಿದವರನ್ನೂ ಹೀಗೇ ಕೇಳುತ್ತ ಹೋದರು. ಪಟೇಲರ ಮಗ ಪ್ರತಿ ಲೆಕ್ಕದಲ್ಲೂ ಪಟೇಲರ ಮನೆಗೆ ಎರಡು ಪಾಲು ಹಾಕುತ್ತಿದ್ದನಂತೆ.

ಸಂಜೆ ಇದನ್ನು ಖುಷಿಯಿಂದ ಅಜ್ಜಿಗೆ ಹೇಳಿ ಕೆಟ್ಟೆ. ಬೆಳಗ್ಗೆ ಅಜ್ಜಿ ನನಗಿಂತ ಮುಂಚೆ ಇಸ್ಕೂಲಿನ ಬಾಗಿಲಲ್ಲಿ ನಿಂತಿತ್ತು.

"ಏನ್ ಮೇಷ್ಟ್ರೇ, ದೇವ್ರಿಗೆ ಇಕ್ಬ್ಯಾಡ ಅಂತ ಏಳ್ಕೊಟ್ರಂತೆ? ಇದೇನಾ ನೀವು ಕಲ್ಸೋ ಇದ್ಯೆ?"

ಅಜ್ಜಿ ಬೇಡವೆಂದರೆ ಅಪ್ಪ ಬೇಕೆನ್ನುವ ಪೈಕಿಯಲ್ಲ. ಕೊಣನೂರು ಕೈ ತಪ್ಪಿದ ಹಾಗೇ.

ಮೇಷ್ಟ್ರು ಕೈ ಮುಗಿದರು. "ಎಲ್ಲಾದ್ರೂ ಉಂಟೇ ಅಜ್ಜೀ! ಇದ್ದಿದ್ದು ಇಪ್ಪತ್ತೊಂದು ಹಣ್ಣು. ದೇವ್ರಿಗೆ ಒಂದು ತೆಗೆದಿಟ್ಟೇ ನಾನು ಲೆಕ್ಕ ಕೊಡೋದು."

ಅಜ್ಜಿ ಯೋಚನೆ ಮಾಡಿತು. "ಅದ್ನ ಮೊದ್ಲೇ ಏಳ್ಬಾರ್ದಾ? ಸುಮ್ಸುಮ್ನೆ ಮಗೀನ ತಲೆ ಮೊಟಕಿದ್ರಲ್ಲಾ!"



ರಜ ಶುರುವಾಗುವ ಹಿಂದಿನ ದಿನ ಅಪ್ಪ ಅಂಗಡಿಯಲ್ಲಿ ಕೂತೇ ಕೇಳಿದ: "ಮೂವತ್ತು ಅಚ್ಚು ಬೆಲ್ಲ, ಆರು ಜನ."

"ಐದೈದು."

ಅಪ್ಪ ಬೆರಳು ಮಡಿಸಿ ನೋಡಿಕೊಂಡ. "ಸರಿ. ಕೊಣನೂರಿಗೆ ಓಗೋಳಿಗೆ ಒಂದು ಹೊಸ ಲಂಗ ಹೊಲಿಸ್ಬೇಕು" ಅಂದ, ಬೆಲ್ಲದ ಮೇಲಿನ ನೊಣ ಓಡಿಸುತ್ತಾ.

ಅಪ್ಪ ನನಗೆ ಸರಿ ಅಂದದ್ದು ಅದೇ ಮೊದಲು. ಗಿರಾಕಿಗಳ ಎದುರಿಗೇ ಗೊಳೋ ಅಂತ ಅತ್ತುಬಿಟ್ಟೆ. ಅಪ್ಪ ಗಾಬರಿಯಾಗಿ ಮತ್ತೆ ಬೆರಳು ಮಡಿಸತೊಡಗಿದ.

"ಯಾಕವ್ವಾ, ನಾನೇನಾರ ತಪ್ಪು ಏಳಿದ್ನಾ?"